ಕೂಗು ಕಲಿತ ಸೀಸನ್

"ಕೇಳಿಸ್ಲಿಲ್ಲ."

ನಮ್ಮ ಪಿ.ಇ. ಸರ್ ನನಗೆ ಹೇಳಿದ ಮೊದಲ ಮಾತು ಇದು. 2024ರ ಆಗಸ್ಟ್ ತಿಂಗಳು. ಶಿವಮೊಗ್ಗದಲ್ಲಿ ಬೆಳಗಿನ ಆರು ಗಂಟೆ, ಜಿಟಿಜಿಟಿ ಮಳೆ. ಕಾಲೇಜು ಫುಟ್‌ಬಾಲ್ ಟೀಮಿನ ಆಯ್ಕೆಗೆ ಅಂತ ಮೂವತ್ತು ಹುಡುಗರು ಸೇರಿದ್ದೆವು. ನಾನು ಗೋಲ್ ಕಂಬಗಳ ನಡುವೆ ನಿಂತಿದ್ದೆ. ಬಲಗಡೆಯಿಂದ ಒಂದು ಕ್ರಾಸ್ ಬಂತು, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಎತ್ತಿ ಹೊಡೆದ ಚೆಂಡು. ಇದು ನನ್ನ ಚೆಂಡು ಅಂತ ಗೊತ್ತಾಯಿತು. ಓಡಿಹೋಗಿ ಹಿಡಿದೆ. ಅದೇ ಹೊತ್ತಿಗೆ ನಮ್ಮವನೇ ಒಬ್ಬ ಡಿಫೆಂಡರ್ ಹೆಡ್ ಮಾಡಲು ಹಾರಿದ. ಅವನ ಮೊಣಕೈ ನನ್ನ ಕೆನ್ನೆಗೆ ಬಿತ್ತು. ಇಬ್ಬರೂ ಕೆಸರಲ್ಲಿ ಉರುಳಿದೆವು, ಚೆಂಡು ಉರುಳಿ ಗೋಲಿನ ಒಳಗೆ ಹೋಯಿತು.

"ಕೀಪರ್ ಅಂತ ಹೇಳಿದ್ದೆ ಸರ್," ಅಂದೆ. ಅದಕ್ಕೆ ಅವರು ಹೇಳಿದ್ದು ಆ ಒಂದೇ ಮಾತು. ಇನ್ನೇನೂ ಸೇರಿಸಲಿಲ್ಲ.

ಟೀಮಿಗೆ ಆಯ್ಕೆ ಆದೆ. ನನ್ನ ಕೈ ನೋಡಿ ತಗೊಂಡೆ ಅಂತ ಸರ್ ಆಮೇಲೆ ಹೇಳಿದರು. ಆ ಕೈ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮದು ಹೊಸನಗರದ ಕಡೆ ಒಂದು ಹಳ್ಳಿ. ಮೂರು ಎಕರೆ ಅಡಿಕೆ ತೋಟ. ಹೈಸ್ಕೂಲಿನಿಂದ ನಾನು ಕೊಯ್ಲಿನ ಹೊತ್ತಲ್ಲಿ ಹಗ್ಗ ಹಿಡಿಯುತ್ತಿದ್ದೆ. ಕೊನೆಗೌಡ, ಅಂದರೆ ಮರ ಹತ್ತಿ ಕೊಯ್ಯುವವನು, ತುದಿಯಿಂದ ಅಡಿಕೆ ಕೊನೆಯನ್ನು (ಗೊನೆಯನ್ನು) ಹಗ್ಗಕ್ಕೆ ಹಾಕಿ ಬಿಡುತ್ತಾನೆ. ಅದು ಜರ್ರನೆ ಜಾರಿಕೊಂಡು ಬರುತ್ತದೆ. ಹಗ್ಗದ ಕೆಳತುದಿಯಲ್ಲಿ ನಿಂತವನು ಅದನ್ನು ಹಿಡಿಯಬೇಕು. ಗಟ್ಟಿಯಾಗಿ ನಿಂತು ಎದೆ ಕೊಟ್ಟರೆ ಏಟು ಬೀಳುತ್ತದೆ. ಕೈ ಮುಂದೆ ಚಾಚಿ, ಮುಟ್ಟಿದ ಕೂಡಲೇ ಅದರ ಜೊತೆಗೇ ಹಿಂದಕ್ಕೆ ತಗೋಬೇಕು. ಆಗ ಒಂದು ಕಾಯಿಯೂ ಉದುರುವುದಿಲ್ಲ. ಚೆಂಡು ಹಿಡಿಯುವುದೂ ಹೀಗೇ. ಹೆಬ್ಬೆರಳು ಎರಡೂ ಹತ್ತಿರ ಇರಬೇಕು, ಬೆರಳುಗಳು ಅಗಲ ಇರಬೇಕು. ಇಷ್ಟು ಸೇರಿಸಿಕೊಂಡರೆ ಸಾಕು, ಉಳಿದದ್ದು ತೋಟದಲ್ಲೇ ಬಂದುಬಿಟ್ಟಿತ್ತು.

ಮಾತು ಮಾತ್ರ ಬಂದಿರಲಿಲ್ಲ. ಮೊದಲಿಂದಲೂ ಮೆತ್ತಗೆ ಮಾತಾಡುವವನು ನಾನು. ಕ್ಲಾಸಲ್ಲಿ ಹಾಜರಿ ಕೂಗಿದಾಗ ನನ್ನ 'ಎಸ್ ಸರ್' ಎರಡನೇ ಬೆಂಚಿಗೂ ಕೇಳುತ್ತಿರಲಿಲ್ಲ. ಆದರೆ ಫುಟ್‌ಬಾಲಿನಲ್ಲಿ ಮೈದಾನ ಪೂರ್ತಿ ಎದುರಿಗೆ ಕಾಣುವುದು ಕೀಪರ್ ಒಬ್ಬನಿಗೇ. ಉಳಿದ ಹತ್ತು ಜನಕ್ಕೂ ಬೆನ್ನ ಹಿಂದೆ ಏನಾಗುತ್ತಿದೆ ಅಂತ ಗೊತ್ತಿರುವುದಿಲ್ಲ. ಅವರಿಗೆ ಹೇಳಬೇಕಾದವನು ಅವನೇ. "ಹಿಡಿಯೋದು ನಿನ್ನ ಅರ್ಧ ಕೆಲಸ ಕಣೋ. ಹಿಡಿಯೋ ಪ್ರಸಂಗವೇ ಬರದ ಹಾಗೆ ಹೇಳೋದು ಇನ್ನರ್ಧ," ಅನ್ನುತ್ತಿದ್ದರು ಸರ್.

ನಮ್ಮ ಟೀಮಿನಲ್ಲಿ ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ. ಊರಿನ ಹೆಸರೇ ಹೆಸರು. ಅದನ್ನೂ ಕೂಗೋಕೆ ಸುಲಭ ಆಗಲಿ ಅಂತ ಕತ್ತರಿಸಿಬಿಟ್ಟಿದ್ದೆವು. ಭದ್ರಾವತಿಯ ಹುಡುಗ ಭದ್ರಾ. ಅವನೇ ಕ್ಯಾಪ್ಟನ್, ಡಿಫೆನ್ಸಿನ ನಡುಗಂಬ. ಕಾರ್ಖಾನೆ ಕಾಲೋನಿಯಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಉರ್ದು ಎಲ್ಲ ಸಲೀಸು. ತೀರ್ಥಹಳ್ಳಿಯವನು ತೀರ್ಥ. ಶಿಕಾರಿಪುರದವನು ಶಿಕಾರಿ. ಅವನು ನಮ್ಮ ಸ್ಟ್ರೈಕರ್, ಹೆಸರಿಗೆ ತಕ್ಕ ಹಾಗೇ ಇದ್ದ. ಸಾಗರ ಸಾಗರವೇ. ನಾನು ಹೊಸ.

ಆ ಜೂನ್ 6ರ ರಾತ್ರಿ ಹಾಸ್ಟೆಲಿನಲ್ಲಿ ನಾವು ಹತ್ತು ಹುಡುಗರು ಒಂದೇ ಮೊಬೈಲಿನ ಸುತ್ತ ಕೂತು ಭಾರತ ತಂಡದ ಆಗಿನ ನಾಯಕ ಸುನಿಲ್ ಛೆಟ್ರಿ ಅವರ ಆ ಸಲದ ವಿದಾಯದ ಪಂದ್ಯ ನೋಡಿದ್ದೆವು. ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ, 0–0. ಅದರ ಹಿಂದಿನ ವರ್ಷ ಕರ್ನಾಟಕ 54 ವರ್ಷಗಳ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತ್ತು. ರಿಯಾದ್‌ನಲ್ಲಿ ನಡೆದ ಫೈನಲ್, ಮೇಘಾಲಯದ ವಿರುದ್ಧ 3–2. ಆದರೂ ನಮ್ಮ ಜಿಲ್ಲೆಯಲ್ಲಿ ಬ್ಯಾಟ್ ಹಿಡಿದ ಹುಡುಗನಿಗೆ ಸಿಗುವ ಜಾಗ ಚೆಂಡು ಒದೆಯುವವನಿಗೆ ಸಿಗುವುದಿಲ್ಲ. ನಮ್ಮ ಮೈದಾನದ ನಡುವೆಯೇ ಕ್ರಿಕೆಟ್ ಪಿಚ್ ಇತ್ತು. ಅದರ ಮೇಲೆ ಸ್ಟಡ್ಸ್ ಇರುವ ಬೂಟು ಹಾಕಿ ಓಡಬಾರದು ಅಂತ ಕಟ್ಟಪ್ಪಣೆ. ಹಾಗಾಗಿ ಒಂದು ಗೋಲಿನ ಕಡೆಯ ಅರ್ಧ ಮೈದಾನದಲ್ಲೇ ನಮ್ಮ ಅಭ್ಯಾಸ.

ಮಲೆನಾಡಿನ ಮಳೆಯಲ್ಲಿ ಫುಟ್‌ಬಾಲ್ ಅಂದರೆ ಟಿವಿಯಲ್ಲಿ ನೋಡುವ ಆಟ ಅಲ್ಲ. ಕೆಂಪು ಜಂಬಿಟ್ಟಿಗೆ ನೆಲ. ಮೇಲೆ ಒಂದಂಗುಲ ಕೆಸರು, ಕೆಳಗೆ ಕಲ್ಲು. ನೆಲದ ಮೇಲೆ ಪಾಸ್ ಕೊಟ್ಟರೆ ಚೆಂಡು ಗುಂಡಿಯ ನೀರಲ್ಲಿ ಗಕ್ಕನೆ ನಿಲ್ಲುತ್ತದೆ. ಓಡಿ ಬಂದವನು ಚೆಂಡು ದಾಟಿ ಮುಂದೆ ಹೋಗಿಬಿಡುತ್ತಾನೆ. 450 ಗ್ರಾಮಿನ ಒಳಗೆ ಇರಬೇಕಾದ ಚೆಂಡು ಹೊಲಿಗೆಯಲ್ಲಿ ನೀರು ಕುಡಿದು ಭಾರ ಆಗುತ್ತದೆ. ಡೈವ್ ಹೊಡೆದು ಎದ್ದರೆ ಸೊಂಟದ ಪಕ್ಕ ಚರ್ಮ ಕಿತ್ತುಹೋಗಿರುತ್ತದೆ. ಗೋಲಿನ ಹಿಂದಿನ ಹುಲ್ಲಿಗೆ ಹೋದ ಚೆಂಡು ತರಲು ಹೋದವನ ಕಾಲಲ್ಲಿ ರಕ್ತ ಹೀರುವ ಇಂಬಳ. ಸಾಗರ ಜೇಬಲ್ಲಿ ಯಾವಾಗಲೂ ಉಪ್ಪಿನ ಪೊಟ್ಟಣ ಇಟ್ಟುಕೊಂಡಿರುತ್ತಿದ್ದ.

ಮಳೆಯ ಸದ್ದು ಬೇರೆ. ಪಕ್ಕದ ಶೆಡ್ಡಿನ ತಗಡಿನ ಮೇಲೆ ಅದು ಬಿದ್ದರೆ ಹತ್ತು ಅಡಿ ದೂರದ ಮಾತೂ ಕೇಳದು. ನಾನು ಗಂಟಲು ಹರಿದುಕೊಂಡು 'ಕೀಪರ್' ಅನ್ನುತ್ತಿದ್ದೆ. ಭದ್ರಾ ತಿರುಗಿ ಕೂಡ ನೋಡುತ್ತಿರಲಿಲ್ಲ. ವಾರದಲ್ಲಿ ಗಂಟಲು ಕಟ್ಟಿತು.

ಆ ಶನಿವಾರ ಊರಿಗೆ ಹೋದೆ. ತೋಟಕ್ಕೆ ಎರಡನೇ ಸಲ ಕೊಳೆರೋಗದ ಔಷಧಿ ಬೋರ್ಡೋ ಹೊಡೆಯುವುದಿತ್ತು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ನಾನು ಕೆಳಗೆ ಪಂಪಿನ ಹತ್ತಿರ, ಅಪ್ಪಯ್ಯ ಮೇಲಿನ ತೋಟದಲ್ಲಿ ಮರ ಹತ್ತಿದವರ ಜೊತೆ. ಪಂಪು ಡಬಡಬ ಅಂತಿತ್ತು. ನಡುವೆ ಮಳೆ ಹನಿ. ಅಷ್ಟರ ನಡುವೆ ಮೇಲಿಂದ "ಕೂ..." ಅಂತ ಬಂತು. ಪಂಪ್ ನಿಲ್ಲಿಸು ಅಂತ ಅರ್ಥ. ಚಿಕ್ಕಂದಿನಿಂದ ಕೇಳಿದ ಕೂಗು. ಆದರೆ ಅವತ್ತು ಮೊದಲ ಸಲ ಅದನ್ನು ಕಿವಿಗೊಟ್ಟು ಕೇಳಿದೆ. ಅಪ್ಪಯ್ಯ ಅರಚಿರಲಿಲ್ಲ. ಅವರ ಗಂಟಲಿನ ನರ ಉಬ್ಬಿರಲಿಲ್ಲ. ಹೊಟ್ಟೆಯಿಂದ ಉಸಿರು ಬಿಟ್ಟು, ಒಂದೇ ಸ್ವರವನ್ನು ಉದ್ದಕ್ಕೆ ಎಳೆದಿದ್ದರು, ಅಷ್ಟೇ. ಅದು ಪಂಪಿನ ಸದ್ದನ್ನು ದಾಟಿಕೊಂಡು ಬಂದಿತ್ತು.

"ಅಪ್ಪಯ್ಯ, ಅದು ಹ್ಯಾಂಗೆ ಕೂಗ್ತಿರಿ?" ಅಂತ ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರ ಅನಿಸಿತು. "ಕೂಗೋದು ಎಂತದು ಮಾರಾಯ, ಉಸಿರು ಬಿಡೂದಪ್ಪ," ಅಂದರು.

ಸೋಮವಾರ ಸರ್ ಹತ್ತಿರ ಹೇಳಿದೆ. 'ಕೀಪರ್' ಅನ್ನುವುದು ಮಳೆಯಲ್ಲಿ ಕೇಳುವುದಿಲ್ಲ ಸರ್, ಕೊನೆಯ ಅಕ್ಷರ ಗಂಟಲಲ್ಲೇ ಉಳಿದುಹೋಗುತ್ತದೆ. ಉದ್ದ ಎಳೆಯೋಕೆ ಬರುವ ಶಬ್ದ ಬೇಕು, 'ನಂದೂ' ಅಂತ ಕೂಗಲಾ ಅಂದೆ. ಬರೀ 'ನಂದು', 'ಬಿಡು' ಅಂತ ಕೂಗಿದರೆ ಎದುರಾಳಿಯನ್ನು ಮಾತಲ್ಲಿ ಮೋಸ ಮಾಡಿದ ಹಾಗೆ ಅಂತ ರೆಫರಿ ತಗೋಬಹುದು, ಫ್ರೀ ಕಿಕ್ ಕೊಟ್ಟುಬಿಡಬಹುದು, ಹೆಸರು ಇರಲಿ ಅಂದರು ಸರ್. ಹಾಗಾಗಿ ನನ್ನ ಹೆಸರೇ ಕೂಗಾಯಿತು. "ಹೊಸಾ...!" ಅಂದರೆ ಚೆಂಡು ನನ್ನದು, ಎಲ್ಲರೂ ದಾರಿ ಬಿಡಿ ಅಂತ. ಉಳಿದವರಿಗೂ ಹಾಗೇ. ಮೊದಲು ಹೆಸರು, ಆಮೇಲೆ ಕೆಲಸ. "ಭದ್ರಾ... ಎಡಕ್ಕೇ!" "ತೀರ್ಥಾ... ಹೊಡೀ!" ಎಲ್ಲವೂ ಉದ್ದ ಸ್ವರದಲ್ಲಿ ಮುಗಿಯಬೇಕು. ಒಂದು ವಾರ ಇಡೀ ಟೀಮು ಇದನ್ನೇ ಮಾಡಿತು. ಪಕ್ಕದಲ್ಲಿ ಎನ್‌ಸಿಸಿ ಪರೇಡ್ ಮಾಡುತ್ತಿದ್ದವರು ನಿಂತು ನೋಡುತ್ತಿದ್ದರು.

ಅದೇ ಹೊತ್ತಿಗೆ ಹಗ್ಗದ ಪಾಠವೂ ಶುರುವಾಯಿತು. ಕೀಪರ್ ಆಗಬೇಕು ಅಂತ ಇರುವ ಯಾರಿಗಾದರೂ ನಾನು ಮೊದಲು ಇದನ್ನೇ ಹೇಳುತ್ತೇನೆ. ಗೋಲು 24 ಅಡಿ ಅಗಲ, 8 ಅಡಿ ಎತ್ತರ. ನಮ್ಮ ಕೊಟ್ಟಿಗೆಯ ಮುಂಭಾಗಕ್ಕಿಂತ ದೊಡ್ಡದು. ಗೆರೆಯ ಮೇಲೆ ನಿಂತು ಅಷ್ಟನ್ನೂ ಕಾಯುವುದು ಯಾರಿಗೂ ಸಾಧ್ಯ ಇಲ್ಲ. ಒಂದು ಉದ್ದ ಹಗ್ಗ ತಾ ಅಂದರು ಸರ್. ನಮ್ಮನೆಯ ಕೊನೆ ಇಳಿಸುವ ಹಗ್ಗ ತಂದೆ. ಈಗ ನಮ್ಮಲ್ಲೂ ಕೊಯ್ಲಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗ್ಗಕ್ಕೆ ಮೊದಲಿನಷ್ಟು ಕೆಲಸ ಇರಲಿಲ್ಲ.

ಹಗ್ಗದ ಎರಡು ತುದಿಯನ್ನು ಎರಡು ಕಂಬಕ್ಕೆ ಕಟ್ಟಿದೆವು. ಶಿಕಾರಿ ಹಗ್ಗದ ನಡುವನ್ನು ಹಿಡಿದು ಚೆಂಡಿನ ಹತ್ತಿರ, ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತ. ಈಗ ಹಗ್ಗ ಒಂದು ತ್ರಿಕೋನ ಆಯಿತು. ನಾನು ಅದರ ಒಳಗೆ. ಗೆರೆಯ ಮೇಲೆ ನಿಂತಾಗ ಎರಡು ಕೈ ಚಾಚಿದರೂ ಹಗ್ಗ ಎಲ್ಲೋ ದೂರ. "ನಾಲ್ಕು ಹೆಜ್ಜೆ ಮುಂದೆ ಬಾ," ಅಂದರು. ಬಂದೆ. ಹಗ್ಗ ಎರಡೂ ಕಡೆಯಿಂದ ಹತ್ತಿರ ಬಂತು. ಇನ್ನೂ ನಾಲ್ಕು ಹೆಜ್ಜೆ. ಈಗ ಡೈವ್ ಹೊಡೆದರೆ ಎರಡೂ ಬದಿ ಮುಟ್ಟಬಹುದಿತ್ತು. ಶಿಕಾರಿ ಎಡಕ್ಕೆ ಸರಿದ. ನಾನು ನಿಂತಲ್ಲೇ ನಿಂತಿದ್ದೆ, ಬಲಗಡೆಯ ಹಗ್ಗ ಬಂದು ನನ್ನ ತೋಳಿಗೆ ಒತ್ತಿತು. ಎಡಗಡೆ ಪೂರ್ತಿ ಖಾಲಿ. ಅಂದರೆ ನಾನೂ ಸರಿಯಬೇಕು. ಮುಂದೆ ಬಂದರೆ ತಲೆಯ ಮೇಲಿಂದ ಚೆಂಡು ಎತ್ತಿ ಹಾಕುವ ಅಪಾಯ ಇದೆ. ಅದನ್ನೂ ಲೆಕ್ಕ ಹಾಕಬೇಕು. ದಿನಕ್ಕೆ ಅರ್ಧ ಗಂಟೆ ಹೀಗೆ ಮಾಡಿದೆವು. ಎರಡು ವಾರ ಆದ ಮೇಲೆ ಹಗ್ಗ ಬಿಚ್ಚಿದರೂ ಅದು ಎಲ್ಲಿದೆ ಅಂತ ನನಗೆ ಕಾಣುತ್ತಿತ್ತು.

ಸೆಪ್ಟೆಂಬರಿನಲ್ಲಿ ಗಣಪತಿ ಹಬ್ಬ. ಅರ್ಧ ಟೀಮು ತಮಟೆ ಮುಂದೆ. ಅದು ಮುಗಿಯುವ ಹೊತ್ತಿಗೆ ಇಂಟರ್ನಲ್ಸ್, ಅದರ ಹಿಂದೆ ದಸರಾ ರಜೆ. ನಡುವೆ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಗೆ ಅರ್ಜಿ, ಫೋಟೋ, ವಯಸ್ಸಿನ ದಾಖಲೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ರಿನ್ಸಿಪಾಲರ ಸಹಿ. ಸಾಗರನ ಅಂಕಪಟ್ಟಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿತ್ತು, ಅದಕ್ಕೆ ಮೂರು ದಿನ ಓಡಾಟ.

ಅಕ್ಟೋಬರ್ ಮಧ್ಯದಲ್ಲಿ ಭೂಮಿ ಹುಣ್ಣಿಮೆ ಬಂತು. ಪಂದ್ಯಾವಳಿಗೆ ಇನ್ನು ಹತ್ತೇ ದಿನ. ಅಭ್ಯಾಸಕ್ಕೆ ಆರೇ ಜನ. ಮಲೆನಾಡಿನ ಕಡೆಯವರೆಲ್ಲ ಊರಿಗೆ ಹೋಗಿದ್ದೆವು. ಬಸುರಿ ಭೂಮಿಗೆ ಬಯಕೆ ತೀರಿಸುವ ಹಬ್ಬ ಅದು, ಮನೆಯ ಗಂಡು ಮಕ್ಕಳು ಗದ್ದೆಯಲ್ಲಿ ಇರಲೇಬೇಕು. ಸರ್ ಸಿಟ್ಟಾಗಿದ್ದರು ಅಂತ ಭದ್ರಾ ಫೋನ್ ಮಾಡಿದ. ಮಾರನೇ ದಿನ ಒಬ್ಬೊಬ್ಬರೇ ವಾಪಸ್ ಬಂದೆವು, ಪ್ರತಿಯೊಬ್ಬರ ಕೈಯಲ್ಲೂ ಬಾಳೆಲೆಯಲ್ಲಿ ಕಟ್ಟಿದ ಕಡುಬು. ಸರ್ ಏನೂ ಮಾತಾಡದೆ ಎರಡು ಕಡುಬು ತಿಂದರು. ಆಮೇಲೆ ಮೈದಾನಕ್ಕೆ ಇಪ್ಪತ್ತು ಸುತ್ತು ಓಡಿಸಿದರು.

ನಮ್ಮ ಸೀಸನ್ ಅಂದರೆ ಇಷ್ಟೇ. ಎರಡೂವರೆ ತಿಂಗಳ ತಯಾರಿ, ಎರಡು ದಿನದ ನಾಕೌಟ್. ಒಂದು ಸೋಲು, ಮನೆಗೆ. ಕುವೆಂಪು ವಿಶ್ವವಿದ್ಯಾಲಯಕ್ಕೆ ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆ ಸೇರುತ್ತವೆ. ಎರಡೂ ಕಡೆಯ ಕಾಲೇಜುಗಳು ಬಂದಿದ್ದವು. ದಿನಕ್ಕೆ ಎರಡು ಪಂದ್ಯ ಬೀಳುವುದರಿಂದ ಒಂದೊಂದು ಅವಧಿ 30 ನಿಮಿಷ ಅಂತ ಮಾಡಿದ್ದರು. ಮೈದಾನದ ಪಕ್ಕ ಕುರ್ಚಿ ಹಾಕಿಕೊಂಡು ವಿಶ್ವವಿದ್ಯಾಲಯದ ಆಯ್ಕೆಗಾರರು ಕೂತಿದ್ದರು. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಟೀಮು ಆರಿಸುವುದು ಅಲ್ಲೇ.

ಮೊದಲ ಪಂದ್ಯದಲ್ಲಿ ನಾವು 1–0 ಮುಂದಿದ್ದೆವು. ತೀರ್ಥನ ಕಾಲಲ್ಲಿ ಚೆಂಡಿತ್ತು. ಅವನ ಬೆನ್ನ ಹಿಂದಿನಿಂದ ಒಬ್ಬ ಓಡಿ ಬರುತ್ತಿದ್ದ. ನನಗೆ ಕಾಣುತ್ತಿತ್ತು. "ತೀರ್ಥಾ... ಹೊಡೀ" ಅನ್ನಬೇಕಿತ್ತು. ಬಾಯಿ ತೆರೆದೆ, ಸ್ವರ ಬರಲಿಲ್ಲ. ಮೊದಲ ಪಂದ್ಯ, ಅಷ್ಟು ಜನ, ಎದೆ ಬಡಿತ. ನಾನು ಸುಮ್ಮನಿದ್ದದ್ದಕ್ಕೆ ಅವನು ಹಿಂದೆ ಯಾರೂ ಇಲ್ಲ ಅಂದುಕೊಂಡು ನಿಧಾನಕ್ಕೆ ನನಗೇ ಪಾಸ್ ಕೊಟ್ಟ. ಹಿಂದಿನ ರಾತ್ರಿ ಮಳೆ ಬಂದಿತ್ತು. ಚೆಂಡು ನನಗೂ ಅವನಿಗೂ ನಡುವೆ ಗುಂಡಿಯಲ್ಲಿ ನಿಂತಿತು. ಎದುರಾಳಿ ನುಗ್ಗಿದ. ನಾನು ಹಾರಿ ಚೆಂಡನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ.

ಪೀಪಿ. ಸ್ವಂತ ಟೀಮಿನವನು ಬೇಕೆಂದೇ ಕಾಲಲ್ಲಿ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವ ಹಾಗಿಲ್ಲ. 1992ರಿಂದ ಇರುವ ನಿಯಮ. ಗೊತ್ತಿಲ್ಲ ಅಂತ ಅಲ್ಲ, ಆ ಕ್ಷಣಕ್ಕೆ ಕೈ ಹೋಗಿಬಿಟ್ಟಿತು. ಗೋಲಿನಿಂದ ಏಳು ಗಜದಲ್ಲಿ ಇನ್‌ಡೈರೆಕ್ಟ್ ಫ್ರೀ ಕಿಕ್, ಅಂದರೆ ಇನ್ನೊಬ್ಬ ಮುಟ್ಟಿದ ಮೇಲೆಯೇ ಗೋಲು ಲೆಕ್ಕ. ಹನ್ನೊಂದೂ ಜನ ಗೋಲ್ ಗೆರೆಯ ಮೇಲೆ ಸಾಲಾಗಿ ನಿಂತೆವು. ಒಬ್ಬ ಮೆಲ್ಲಗೆ ತಳ್ಳಿದ, ಇನ್ನೊಬ್ಬ ಬಿಗಿದ. ತೀರ್ಥನ ಮಂಡಿಗೆ ತಾಗಿ ಒಳಗೆ ಹೋಯಿತು. 1–1.

ಭದ್ರಾ ಬಂದು ನನ್ನ ಗ್ಲೌಸ್ ಹಿಡಿದುಕೊಂಡ. ಬೈಯಲಿಲ್ಲ. "ಲೋ ಹೊಸ, ನನ್ನ ಹಿಂದೆ ಕಣ್ಣಿಲ್ಲ ಮಗಾ. ನೀನೇ ಕಣ್ಣು. ಹೇಳು," ಅಂದ. ಆ ಮಾತು ನನಗೆ ಇವತ್ತಿಗೂ ಹಾಗೇ ಕೇಳಿಸುತ್ತದೆ.

ಮುಂದಿನ ಕಾರ್ನರಿಗೆ ನಾನು ಹೊಟ್ಟೆಯಿಂದ ಉಸಿರು ಬಿಟ್ಟೆ. "ಹೊಸಾ...!" ಭದ್ರಾ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಸಾಗರ ಸರಿದ. ಗುಂಪಿನ ನಡುವೆ ದಾರಿ ಬಿಟ್ಟುಕೊಂಡಿತು. ಆ ದಾರಿಯಲ್ಲಿ ಹೋಗಿ ತಲೆಗಳ ಮೇಲಿಂದ ಚೆಂಡು ಇಳಿಸಿಕೊಂಡೆ, ಥೇಟ್ ಕೊನೆ ಇಳಿಸಿಕೊಂಡ ಹಾಗೆ. ಕೊನೆಯ ಐದು ನಿಮಿಷದಲ್ಲಿ ಶಿಕಾರಿ ಗೋಲು ಹೊಡೆದ. 2–1. ಮಧ್ಯಾಹ್ನದ ಕ್ವಾರ್ಟರ್ ಫೈನಲ್ 1–0. ಆ ಪಂದ್ಯದಲ್ಲಿ ನಾನು ಚೆಂಡು ಹಿಡಿದದ್ದು ನಾಲ್ಕೇ ಸಲ. ಕೂಗಿದ್ದು ಎಷ್ಟು ಸಲವೋ. ನಾನು ಆಡಿದ ಆಟಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ.

ಮಾರನೇ ದಿನ ಸೆಮಿಫೈನಲ್. ಎದುರಿಗೆ ಹೋದ ವರ್ಷದ ಚಾಂಪಿಯನ್ನರು. ಅರ್ಧ ಆಟ ಆಗುವಾಗ ಹಿಂಗಾರು ಮಳೆ ಗುಡುಗಿಕೊಂಡು ಬಂತು. ಲ್ಯಾಟೆಕ್ಸ್ ಗ್ಲೌಸ್ ಹದವಾಗಿ ಒದ್ದೆ ಇದ್ದರೆ ಹಿಡಿತ ಚೆನ್ನ, ಕೆಸರು ಮೆತ್ತಿದರೆ ಸೋಪು. ಹಾಗಾಗಿ ಹಿಡಿಯುವ ಆಸೆ ಬಿಟ್ಟು ಬರೀ ಗುದ್ದಿದೆ. 0–0. ಶೂಟೌಟ್, ಎರಡೂ ಕಡೆ ಐದೈದು ಪೆನಾಲ್ಟಿ.

11 ಮೀಟರ್ ದೂರ. ಒದೆಯುವ ತನಕ ಒಂದು ಪಾದವಾದರೂ ಗೆರೆಯ ಮೇಲೆ ಇರಬೇಕು. ಅಲ್ಲಿ ಹಗ್ಗದ ಪಾಠ ನಡೆಯದು, ಮುಂದೆ ಬರುವ ಹಾಗಿಲ್ಲ. ಕೂಗಲಿಕ್ಕೆ ಎದುರಿಗೆ ನಮ್ಮವರು ಯಾರೂ ಇಲ್ಲ, ಎಲ್ಲರೂ ನಡುಗೆರೆಯಲ್ಲಿ. ಅವರದು ಮೊದಲ ಎರಡೂ ಗೋಲು. ನಮ್ಮದೂ ಎರಡೂ ಗೋಲು. ಮೂರನೆಯವನು ಓಡಿ ಬರುವಾಗ ಅವನ ನಿಂತ ಕಾಲಿನ ಪಾದ ಎಡಕ್ಕೆ ತಿರುಗಿದ್ದು ಕಂಡಿತು. ಹಾರಿದೆ. ಅಂಗೈಗೆ ಬಡಿದು ಚೆಂಡು ಕಂಬದ ಆಚೆ ಹೋಯಿತು. ನಡುಗೆರೆಯಿಂದ "ಹೊಸಾ...!" ಅಂತ ಹತ್ತು ಜನ ಒಟ್ಟಿಗೆ ಕೂಗಿದರು. ಆದರೆ ನಮ್ಮ ಮೂರನೆಯದನ್ನೂ ಅವರ ಕೀಪರ್ ತಡೆದ. ನಾಲ್ಕನೆಯದು ಇಬ್ಬರದೂ ಗೋಲು. ಅವರ ಐದನೆಯದು ಗೋಲು. ಕೊನೆಗೆ ಶಿಕಾರಿ. ನಿಂತ ಕಾಲು ಕೆಸರಲ್ಲಿ ಒಂದಿಷ್ಟು ಜಾರಿತು. ಚೆಂಡು ಅಡ್ಡಪಟ್ಟಿಯ ಮೇಲಿಂದ ಹೋಯಿತು. 4–3.

ವಾಪಸ್ ಬರುವಾಗ ಬಸ್ಸಿನಲ್ಲಿ ಶಿಕಾರಿ ಕಿಟಕಿಗೆ ತಲೆ ಕೊಟ್ಟು ಕೂತಿದ್ದ. ಸರ್ ಹೋಗಿ ಪಕ್ಕದಲ್ಲಿ ಕೂತರು. ನಾನು ಹಿಂದಿನ ಸೀಟಲ್ಲಿದ್ದೆ. 1948ರ ಲಂಡನ್ ಒಲಿಂಪಿಕ್ಸ್ ಕಥೆ ಹೇಳುತ್ತಿದ್ದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್, ಎದುರಿಗೆ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಸಾರಂಗಪಾಣಿ ರಾಮನ್ ಹೊಡೆದ ಗೋಲು ಒಂದು. ಸಿಕ್ಕ ಎರಡು ಪೆನಾಲ್ಟಿಯೂ ಕೈತಪ್ಪಿದವು. 2–1ರಲ್ಲಿ ಸೋತರು. "ಎರಡೂ ಹೋದವಾ ಸರ್?" ಅಂತ ಶಿಕಾರಿ ಕೇಳಿದ. "ಎರಡೂ," ಅಂದರು. ಅವನು ಆಯನೂರು ಬರುವ ತನಕ ಏನೂ ಮಾತಾಡಲಿಲ್ಲ. ಬಸ್ಸು ಅಲ್ಲಿ ನಿಂತಾಗ ಇಳಿದು ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ತಂದ.

ಮುಂದಿನ ವಾರ ವಿಶ್ವವಿದ್ಯಾಲಯದ ಪಟ್ಟಿ ಬಂತು. ಭದ್ರಾನ ಹೆಸರು ಇತ್ತು. ನನ್ನ ಹೆಸರು ಕೆಳಗೆ, ಮೀಸಲು ಕೀಪರುಗಳ ಸಾಲಿನಲ್ಲಿ. ಆ ಸಲ ನನಗೆ ಕರೆ ಬರಲಿಲ್ಲ. ಭದ್ರಾ ಹೋಗುವ ದಿನ ರೈಲ್ವೆ ಸ್ಟೇಷನ್ನಿಗೆ ಟೀಮೆಲ್ಲ ಹೋಗಿದ್ದೆವು. ರೈಲು ಹೊರಟ ಮೇಲೆ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದ. ನಾನು ಒಂದು ಸಲ "ಭದ್ರಾ...!" ಅಂದೆ. ಪ್ಲಾಟ್‌ಫಾರ್ಮಿನ ಆ ತುದಿಯ ತನಕ ಜನ ತಿರುಗಿ ನೋಡಿದರು.

ದೀಪಾವಳಿ ಕಳೆದು ಕಾಲೇಜು ಶುರುವಾದ ಮೇಲೆ ಮೊದಲ ವರ್ಷದ ಹುಡುಗ ಒಬ್ಬ ಹಾಸ್ಟೆಲಿಗೆ ಬಂದ. ಕೊಪ್ಪದ ಕಡೆಯವನು. "ಅಣ್ಣ, ಕೀಪರ್ ಆಗ್ಬೇಕು ಅಂತಿದೆ. ಆ ಹಗ್ಗ ಉಂಟಾ?" ಅಂದ. ಹಗ್ಗ ನನ್ನ ಮಂಚದ ಕೆಳಗೇ ಇತ್ತು. ಬೆಳಿಗ್ಗೆ ಆರು ಗಂಟೆಗೆ ಇಬ್ಬರೂ ಮೈದಾನಕ್ಕೆ ಹೋಗಿ ಕಂಬಕ್ಕೆ ಕಟ್ಟಿದೆವು. ಮಂಜು ಇತ್ತು, ಈ ಗೋಲಿನಿಂದ ಆ ಗೋಲು ಕಾಣುತ್ತಿರಲಿಲ್ಲ. ನಾನು ಇಪ್ಪತ್ತು ಹೆಜ್ಜೆ ದೂರ ಹೋಗಿ ಚೆಂಡು ಎತ್ತಿ ಹೊಡೆದೆ. ಅವನು ಓಡಿ ಬಂದು ಸಲೀಸಾಗಿ ಹಿಡಿದ. ಒಳ್ಳೆ ಕೈ. ತುಟಿ ಅಲ್ಲಾಡಿದ್ದು ಕಂಡಿತು.

"ಕೇಳಿಸ್ಲಿಲ್ಲ," ಅಂದೆ.